ಹೋಮ್‌ಸ್ಟೇ ವೆಬ್‌ಸೈಟ್ ತೆರೆಯೋಕೆ ಯಾಕೆ ಇಷ್ಟು ಹೊತ್ತು?

ಪ್ರಶ್ನೆ: ಕೊಡಗಿನ ಕಕ್ಕಬೆ ಹತ್ತಿರ ನಮ್ಮದೊಂದು ಮೂರು ರೂಮಿನ ಹೋಮ್‌ಸ್ಟೇ ಇದೆ. ಜೊತೆಗೆ ನಮ್ಮ ತೋಟದ ಕಾಫಿ ಪುಡಿ, ಕಾಳುಮೆಣಸು, ಜೇನು ಮಾರುತ್ತೇವೆ. ಎರಡು ವರ್ಷದ ಹಿಂದೆ ನೆಂಟರ ಹುಡುಗ ವರ್ಡ್‌ಪ್ರೆಸ್‌ನಲ್ಲಿ ವೆಬ್‌ಸೈಟ್ ಮಾಡಿಕೊಟ್ಟ. ನೋಡೋಕೆ ಚೆನ್ನಾಗಿದೆ. ಆದರೆ ಬರುವವರೆಲ್ಲ ‘ನಿಮ್ಮ ಸೈಟ್ ಓಪನ್ನೇ ಆಗಲ್ಲ’ ಅನ್ನುತ್ತಾರೆ. ಮನೆಯ ವೈಫೈನಲ್ಲಿ ನಾನು ತೆರೆದರೆ ಬೇಗ ಬರುತ್ತದೆ. ಸೈಟಿನ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೊಬೈಲ್‌ಗೆ 100ಕ್ಕೆ 23 ಅಂಕ ತೋರಿಸಿತು. ಹೋಸ್ಟಿಂಗ್, ಅಂದರೆ ಸೈಟನ್ನು ಇಟ್ಟಿರುವ ಸರ್ವರಿನ ಸೇವೆ, ಬದಲಿಸಿದರೆ ಸರಿಹೋಗುತ್ತದೆ, ವರ್ಷಕ್ಕೆ 14 ಸಾವಿರ ರೂಪಾಯಿ ಆಗುತ್ತದೆ ಅಂತ ಒಬ್ಬರು ಹೇಳಿದ್ದಾರೆ. ಬದಲಿಸಬೇಕಾ?

ಉತ್ತರ: ಹೋಸ್ಟಿಂಗ್‌ಗೆ ಈಗಲೇ ದುಡ್ಡು ಕೊಡಬೇಡಿ. ಬದಲಿಸಬೇಕೋ ಬೇಡವೋ ಅನ್ನೋದು ಕೊನೆಗೆ ನೋಡುವ ವಿಷಯ.

ನೀವು ಕಳಿಸಿದ ವಿಳಾಸವನ್ನು ತೆರೆದು ನೋಡಿದೆ. ಮುಖಪುಟ ಒಂದೇ 18 ಎಂಬಿ ಇದೆ. ಮೇಲ್ಗಡೆ ತಾನಾಗಿ ಸರಿಯುವ ಆರು ಫೋಟೋಗಳೇ 11 ಎಂಬಿ. ಅದರ ಕೆಳಗೆ ತಾನಾಗಿ ಓಡುವ ಡ್ರೋನ್ ವಿಡಿಯೋ 4 ಎಂಬಿ. ರೂಮಿನ ದರ ಬರೆದ ಪೋಸ್ಟರ್ ಸುಮಾರು 1 ಎಂಬಿ. ಉಳಿದ 2 ಎಂಬಿ ಫಾಂಟು, ಪ್ಲಗಿನ್ನು (ವರ್ಡ್‌ಪ್ರೆಸ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂಗಳು), ಮ್ಯಾಪು.

ಈಗ ಲೆಕ್ಕ ಹಾಕೋಣ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಮೊಬೈಲ್ ಪರೀಕ್ಷೆ ಮಾಡುವಾಗ ನಿಧಾನದ 4ಜಿ ಇದೆ ಅಂತ ಇಟ್ಟುಕೊಳ್ಳುತ್ತದೆ. ವೇಗ ಸೆಕೆಂಡಿಗೆ 1.6 ಮೆಗಾಬಿಟ್. ಬಿಟ್ ಬೇರೆ, ಬೈಟ್ ಬೇರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 18 ಎಂಬಿ ಅಂದರೆ 144 ಮೆಗಾಬಿಟ್. 1.6ರಿಂದ ಭಾಗಿಸಿದರೆ 90 ಸೆಕೆಂಡ್. ಒಂದೂವರೆ ನಿಮಿಷ ಯಾರು ಕಾಯುತ್ತಾರೆ? ಅಮೆರಿಕದಲ್ಲಿರುವ ನಿಮ್ಮ ಸರ್ವರನ್ನು ತಂದು ಮಡಿಕೇರಿಯಲ್ಲೇ ಇಟ್ಟರೂ ಈ 18 ಎಂಬಿ 18 ಎಂಬಿಯೇ. ಅದಕ್ಕೇ ಹೋಸ್ಟಿಂಗ್ ವಿಷಯ ಆಮೇಲೆ ಅಂದೆ.

ನಿಮ್ಮ ಮನೆಯಲ್ಲಿ ಬೇಗ ತೆರೆಯೋದಕ್ಕೆ ವೈಫೈ ಮಾತ್ರ ಕಾರಣ ಅಲ್ಲ. ಒಮ್ಮೆ ನೋಡಿದ ಫೋಟೋಗಳನ್ನು ಬ್ರೌಸರ್ ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಇದಕ್ಕೆ ಕ್ಯಾಶ್ ಅನ್ನುತ್ತಾರೆ. ಎರಡನೇ ಸಲ ಅದನ್ನು ನೆಟ್‌ನಿಂದ ತರಿಸುವುದಿಲ್ಲ. ನೀವು ಆ ಪುಟವನ್ನು ಇಷ್ಟರಲ್ಲಿ ನೂರು ಸಲ ತೆರೆದಿರುತ್ತೀರಿ. ಹೊಸಬರಿಗೆ ಅದು ಹೇಗೆ ಬರುತ್ತದೆ ಅಂತ ನೋಡಬೇಕಾದರೆ ಹೊಸ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ತೆರೆಯಿರಿ.

ನಿಮ್ಮ ಪುಟವನ್ನು ಜನ ಎಲ್ಲಿ ನಿಂತು ತೆರೆಯುತ್ತಾರೆ ಅನ್ನೋದನ್ನು ಸ್ವಲ್ಪ ಯೋಚಿಸಿ. ಮೊದಲ ಸಲ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ರೂಮು ನೋಡುತ್ತಾರೆ. ಅಲ್ಲಿ ನೆಟ್ ಚೆನ್ನಾಗಿರುತ್ತದೆ. ಎರಡನೇ ಸಲ ತೆರೆಯೋದು ದಾರಿಯಲ್ಲಿ. ನಾಪೋಕ್ಲು ದಾಟಿದ ಮೇಲೆ ಕಾರು ಪಕ್ಕಕ್ಕೆ ಹಾಕಿ, ಸಿಗ್ನಲ್ ಒಂದು ಕಡ್ಡಿ ಇರುವ ಜಾಗ ಹುಡುಕಿ, ‘ಇಲ್ಲಿಂದ ಎಡಕ್ಕಾ ಬಲಕ್ಕಾ?’ ಅಂತ ಕೇಳೋಕೆ ನಿಮ್ಮ ನಂಬರ್ ಹುಡುಕುತ್ತಾರೆ. ಮಳೆಗಾಲದಲ್ಲಿ ಇನ್ನೂ ಕಷ್ಟ. ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಆ ಒಂದು ಕಡ್ಡಿಯೂ ಇಲ್ಲ. ಆ ಹೊತ್ತಿನಲ್ಲಿ ಅವರಿಗೆ ಬೇಕಾದ್ದು ಫೋನ್ ನಂಬರ್, ದಾರಿ, ದರ. ಈ ಮೂರೂ ಬರಹದಲ್ಲಿದ್ದರೆ ಕೆಲವೇ ಕೆಬಿ ಸಾಕು. ನಿಮ್ಮ ಪುಟದಲ್ಲಿ ದರ ಪೋಸ್ಟರಿನೊಳಗಿದೆ, ನಂಬರ್ ಕೂಡ ಅದೇ ಪೋಸ್ಟರಿನ ಮೂಲೆಯಲ್ಲಿದೆ, ದಾರಿ ಮ್ಯಾಪಿನೊಳಗಿದೆ.

ಇದನ್ನು ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದ ದಿನಗಳಲ್ಲಿ ಪರಿಚಯದ ಒಂದು ಕುಟುಂಬ ಎಲ್ಲಿದೆ ಅಂತ ತಿಳಿಯಲು ನಾನು ಒಂದು ಸಹಾಯವಾಣಿ ನಂಬರ್ ಹುಡುಕುತ್ತಿದ್ದೆ. ಪುಟವೇನೋ ಸಿಕ್ಕಿತು. ಮೇಲೆ ದೊಡ್ಡ ಲೋಗೋ ಬಂತು. ಆಮೇಲೆ ಒಂದು ಫೋಟೋ ಅರ್ಧ ಬಂದು ನಿಂತಿತು. ನಂಬರ್ ಇದ್ದದ್ದು ಅದರ ಕೆಳಗಿನ ಚಿತ್ರದಲ್ಲಿ. ಆ ಚಿತ್ರ ಬರಲೇ ಇಲ್ಲ. ಬ್ಯಾಟರಿ ಮುಗಿಯುವವರೆಗೂ ಪ್ರಯತ್ನಪಟ್ಟೆ. ಆ ಪುಟ ಮಾಡಿದವರಿಗೆ ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಅವರ ಕಚೇರಿಯಲ್ಲಿ ಅದು ಚೆನ್ನಾಗಿಯೇ ಬಂದಿರುತ್ತದೆ. ಅಂದಿನಿಂದ ನಾನು ಯಾರ ಸೈಟ್ ನೋಡಿದರೂ ಮೊದಲು ಕೇಳೋದು ಒಂದೇ: ಚಿತ್ರಗಳೆಲ್ಲ ಬರದೇ ಹೋದರೂ ಈ ಪುಟ ಕೆಲಸಕ್ಕೆ ಬರುತ್ತಾ?

ಹಾಗಾಗಿ ಇವತ್ತೇ ಮಾಡಬಹುದಾದ ಕೆಲಸ ಇದು. ಪುಟದ ಮೇಲ್ಗಡೆ ಫೋನ್ ನಂಬರನ್ನು ಬರಹದಲ್ಲಿ ಹಾಕಿ. ಒತ್ತಿದರೆ ಕರೆ ಹೋಗುವ ಹಾಗೆ ಲಿಂಕ್ ಮಾಡಿ. ದರದ ಪೋಸ್ಟರ್ ತೆಗೆದು ಅದೇ ಮಾಹಿತಿಯನ್ನು ಟೈಪ್ ಮಾಡಿ. ದಾರಿಯನ್ನು ನೀವು ಫೋನಿನಲ್ಲಿ ಹೇಳುವ ಹಾಗೆಯೇ ಬರೆಯಿರಿ. ನಾಪೋಕ್ಲು ಕಡೆಯಿಂದ ಬಂದರೆ ಹೀಗೆ, ವಿರಾಜಪೇಟೆ ಕಡೆಯಿಂದ ಬಂದರೆ ಹೀಗೆ, ಯಾವ ಅಂಗಡಿ ಸಿಕ್ಕ ಮೇಲೆ ತಿರುಗಬೇಕು, ಮಣ್ಣು ರಸ್ತೆ ಎಲ್ಲಿ ಶುರು, ಮಳೆಗಾಲದಲ್ಲಿ ಸಣ್ಣ ಕಾರು ಅಲ್ಲಿಗೆ ಬರುತ್ತಾ ಇಲ್ವಾ. ನೆಟ್ ಹೋದ ಮೇಲೂ ತೆರೆದಿಟ್ಟ ಪುಟದಲ್ಲಿ ಈ ಬರಹ ಉಳಿದಿರುತ್ತದೆ. ಮ್ಯಾಪ್‌ಗೆ ಒಂದು ಲಿಂಕ್ ಕೊಟ್ಟರೆ ಸಾಕು. ಪುಟದೊಳಗೆ ಕೂರಿಸಿದ ಮ್ಯಾಪು ಯಾರೂ ಮುಟ್ಟದಿದ್ದರೂ ತನ್ನ ಸಾಮಾನೆಲ್ಲ ಇಳಿಸಿಕೊಳ್ಳುತ್ತದೆ.

ಇನ್ನು ಅಳೆಯುವ ವಿಷಯ. 23 ಅಂಕ ನೋಡಿ ಗಾಬರಿ ಆಗಬೇಡಿ. 90ರ ಮೇಲೆ ಹಸಿರು, 50ರಿಂದ 89 ಕಿತ್ತಳೆ, ಅದಕ್ಕಿಂತ ಕೆಳಗೆ ಕೆಂಪು. ಈ ಅಂಕ ಒಂದೊಂದು ಸಲ ಒಂದೊಂದು ಥರ ಬರುತ್ತದೆ. ಅದೇ ಪುಟವನ್ನು ಹತ್ತು ನಿಮಿಷ ಬಿಟ್ಟು ಪರೀಕ್ಷಿಸಿದರೂ ನಾಲ್ಕೈದು ಅಂಕ ಆಚೀಚೆ ಆಗುತ್ತದೆ. ಅಂಕಕ್ಕಿಂತ ಅಳತೆಗಳು ಮುಖ್ಯ. ಗೂಗಲ್ ಮೂರು ಅಳತೆ ನೋಡುತ್ತದೆ. ಎಲ್‌ಸಿಪಿ ಅಂದರೆ ಪರದೆಯಲ್ಲಿ ಕಾಣುವ ಎಲ್ಲಕ್ಕಿಂತ ದೊಡ್ಡ ಭಾಗ, ಸಾಮಾನ್ಯವಾಗಿ ಮೇಲಿನ ಫೋಟೋ, ಬರಲು ಹಿಡಿದ ಹೊತ್ತು. ಅದು 2.5 ಸೆಕೆಂಡ್ ಒಳಗಿರಬೇಕು. ಐಎನ್‌ಪಿ ಅಂದರೆ ಬೆರಳಿಟ್ಟ ಮೇಲೆ ಪುಟ ಪ್ರತಿಕ್ರಿಯೆ ತೋರಿಸಲು ಹಿಡಿಯುವ ಹೊತ್ತು. 200 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೆಯದು. 2024ರ ಮಾರ್ಚ್‌ನಲ್ಲಿ ಹಳೆಯ ಒಂದು ಅಳತೆ ತೆಗೆದು ಇದನ್ನು ತಂದರು. ಮೂರನೆಯದು ಸಿಎಲ್‌ಎಸ್, ಓದುತ್ತಿರುವಾಗ ಪುಟ ಎಷ್ಟು ಜಿಗಿಯುತ್ತದೆ ಅನ್ನುವುದು. 0.1ಕ್ಕಿಂತ ಕಡಿಮೆ ಇರಬೇಕು.

ನನ್ನ ಕೇಳಿದರೆ ಇದಕ್ಕಿಂತ ಉಪಯೋಗದ್ದು ಕಂಪ್ಯೂಟರಿನ ಕ್ರೋಮ್‌ನಲ್ಲೇ ಇದೆ. ನಿಮ್ಮ ಪುಟ ತೆರೆದು ಎಫ್12 ಒತ್ತಿ. ನೆಟ್‌ವರ್ಕ್ ಅನ್ನುವ ಭಾಗಕ್ಕೆ ಹೋಗಿ. ಡಿಸೇಬಲ್ ಕ್ಯಾಶ್‌ಗೆ ಟಿಕ್ ಹಾಕಿ. ವೇಗವನ್ನು ಸ್ಲೋ 4ಜಿಗೆ ಇಳಿಸಿ. ಪುಟವನ್ನು ಮತ್ತೆ ತೆರೆದು, ಸೈಜ್ ಅನ್ನುವ ಕಾಲಮ್ ಒತ್ತಿ ದೊಡ್ಡದು ಮೇಲೆ ಬರುವ ಹಾಗೆ ಮಾಡಿ. ಆ ಪಟ್ಟಿಯ ಮೇಲಿನ ಹತ್ತು ಸಾಲು ನೋಡಿದರೆ ನಿಮ್ಮ ಸಮಸ್ಯೆಯ ಮುಕ್ಕಾಲು ಪಾಲು ಕಣ್ಣೆದುರು ಇರುತ್ತದೆ. ಯಾರ ಸಲಹೆಯೂ ಬೇಡ.

ಈಗ ಫೋಟೋಗಳಿಗೆ ಬರೋಣ. ನಿಮ್ಮ ಸೈಟಿನ ಭಾರ ಇರೋದೇ ಇಲ್ಲಿ.

ಇವತ್ತಿನ ಫೋನಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಫೋಟೋ 4000 ಪಿಕ್ಸೆಲ್ ಅಗಲ, 3000 ಎತ್ತರ. ನೋಡುವವರ ಫೋನ್ ಪರದೆ ಸಾಮಾನ್ಯವಾಗಿ 1080 ಪಿಕ್ಸೆಲ್ ಅಗಲ. ಉಳಿದ ಪಿಕ್ಸೆಲ್‌ಗಳನ್ನು ಫೋನು ಇಳಿಸಿಕೊಂಡು, ಬಿಚ್ಚಿ, ಆಮೇಲೆ ಎಸೆಯುತ್ತದೆ. ಅವರ ಡೇಟಾವೂ ಹೋಯಿತು, ಬ್ಯಾಟರಿಯೂ ಹೋಯಿತು. ವರ್ಡ್‌ಪ್ರೆಸ್ ತಾನೇ ದೊಡ್ಡ ಫೋಟೋವನ್ನು 2560 ಪಿಕ್ಸೆಲ್‌ಗೆ ಇಳಿಸುತ್ತದೆ. ಜೊತೆಗೆ ಸಣ್ಣ ಸಣ್ಣ ಪ್ರತಿಗಳನ್ನೂ ಮಾಡಿಟ್ಟು, ಫೋನಿಗೆ ತಕ್ಕದ್ದನ್ನು ಕೊಡುತ್ತದೆ. ಆದರೆ ಮೇಲಿನ ಆರು ಫೋಟೋಗಳನ್ನು ಸರಿಸುವ ನಿಮ್ಮ ಸ್ಲೈಡರ್ ಪ್ಲಗಿನ್ ಅದನ್ನು ಬಳಸುತ್ತಲೇ ಇಲ್ಲ. ಎಲ್ಲರಿಗೂ 2560ರ ಪ್ರತಿಯನ್ನೇ ಕಳಿಸುತ್ತಿದೆ.

ನಮ್ಮ ಕೊಡಗಿನ ಫೋಟೋಗಳಿಗೆ ಇನ್ನೊಂದು ವಿಶೇಷ ಇದೆ. ಫೋಟೋ ಕುಗ್ಗಿಸುವ ವಿಧಾನಗಳೆಲ್ಲ ನಯವಾದ ಜಾಗವನ್ನು ಸುಲಭವಾಗಿ ಕುಗ್ಗಿಸುತ್ತವೆ. ಸಣ್ಣ ಸಣ್ಣ ವಿವರ ಜಾಸ್ತಿ ಇದ್ದರೆ ಅಷ್ಟು ಕುಗ್ಗಿಸೋಕೆ ಆಗಲ್ಲ. ತಡಿಯಂಡಮೋಳ್ ಬೆಟ್ಟದ ಮೇಲೆ ಮಂಜು ಕವಿದ ನಿಮ್ಮ ಫೋಟೋ ಇದೆಯಲ್ಲ, ಅದು ತೀರಾ ಹಗುರ. ಆದರೆ ಸಿಲ್ವರ್ ಓಕ್ ಮೇಲೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ಕಾಫಿ ಗಿಡ, ಪಾಚಿ ಹಿಡಿದ ಕಲ್ಲು ಇರುವ ಫೋಟೋ ಅಷ್ಟೇ ಅಗಲ ಇದ್ದರೂ ಎಷ್ಟೋ ಪಟ್ಟು ಭಾರ. ಪ್ರತಿ ಎಲೆಯ ಅಂಚೂ ಹೊಸ ವಿವರ. ಹಾಗಾಗಿ ಮೊದಲ ಫೋಟೋವಾಗಿ ಮಂಜಿನದ್ದನ್ನೇ ಇಡಿ. ಬರುವವರು ನೋಡಬೇಕು ಅಂತ ಬಯಸೋದೂ ಅದನ್ನೇ. ತೋಟದ ಫೋಟೋ ಕೆಳಗಿರಲಿ.

ಕುಗ್ಗಿಸೋಕೆ ಸ್ಕ್ವೂಶ್ ಅನ್ನುವ ಗೂಗಲ್‌ನವರ ಉಚಿತ ಸಾಧನ ಇದೆ. ಬ್ರೌಸರಿನಲ್ಲೇ ನಡೆಯುತ್ತದೆ. ಫೋಟೋವನ್ನು ಅದರಲ್ಲಿ ಹಾಕಿ, ಅಗಲ 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಅನ್ನುವ ಹಗುರ ಫೋಟೋ ರೂಪವನ್ನು ಆರಿಸಿ, ಗುಣಮಟ್ಟ 75ರಲ್ಲಿ ಇಡಿ. ಮಧ್ಯದಲ್ಲಿ ಒಂದು ಗೆರೆ ಇರುತ್ತದೆ. ಅದನ್ನು ಎಡಕ್ಕೆ ಬಲಕ್ಕೆ ಸರಿಸಿ ಹಳೆಯದನ್ನೂ ಹೊಸದನ್ನೂ ಹೋಲಿಸಿ. ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೆ 70ಕ್ಕೆ ಇಳಿಸಿ. ನಿಮ್ಮ ಮಂಜಿನ ಫೋಟೋವನ್ನು ನಾನು ಹೀಗೆ ಮಾಡಿ ನೋಡಿದೆ. 90 ಕೆಬಿಗೆ ಬಂತು. ತೋಟದ ಫೋಟೋ 340 ಕೆಬಿಗಿಂತ ಕೆಳಗೆ ಇಳಿಯಲಿಲ್ಲ. ಅದಕ್ಕೆ ಅಗಲವನ್ನೇ 1200ಕ್ಕೆ ಇಳಿಸಿದರೆ ಸರಿ. ವರ್ಡ್‌ಪ್ರೆಸ್ 2021ರ 5.8ನೇ ಆವೃತ್ತಿಯಿಂದ ವೆಬ್‌ಪಿ ಫೋಟೋ ತೆಗೆದುಕೊಳ್ಳುತ್ತದೆ. ಎವಿಐಎಫ್ ಅನ್ನುವುದು ಇನ್ನೂ ಹಗುರ. ಅದು 6.5ನೇ ಆವೃತ್ತಿಯಿಂದ ನಡೆಯುತ್ತದೆ. ನಿಮಗೆ ಸದ್ಯಕ್ಕೆ ವೆಬ್‌ಪಿ ಸಾಕು.

ಸ್ಲೈಡರ್ ತೆಗೆದುಬಿಡಿ. ಇದು ನನ್ನ ಗಟ್ಟಿಯಾದ ಅಭಿಪ್ರಾಯ. ಜನ ನೋಡೋದು ಮೊದಲ ಫೋಟೋ, ಆಮೇಲೆ ಬೆರಳು ಕೆಳಗೆ ಹೋಗುತ್ತದೆ. ಉಳಿದ ಐದೂ ಅದೇ ಹೊತ್ತಿಗೆ ಇಳಿಯುತ್ತಾ ಮೊದಲನೆಯದರ ದಾರಿಗೆ ಅಡ್ಡ ಬರುತ್ತವೆ. ತೋಟದ ಇಕ್ಕಟ್ಟು ರಸ್ತೆಯಲ್ಲಿ ಒಂದೇ ಸಲ ಆರು ಪಿಕಪ್ ಬಂದರೆ ಏನಾಗುತ್ತೆ? ಒಂದೂ ಬೇಗ ಮುಂದೆ ಹೋಗಲ್ಲ. ಒಂದೇ ಫೋಟೋ ಮೇಲಿರಲಿ. ಉಳಿದವು ಕೆಳಗೆ ಸಾಲಾಗಿ ಬರಲಿ.

ಕೆಳಗಿನ ಫೋಟೋಗಳಿಗೆ ಲೇಜಿ ಲೋಡಿಂಗ್ ಇರಬೇಕು. ಓದುಗ ಅಲ್ಲಿಗೆ ಬರುವ ಹೊತ್ತಿಗೆ ಮಾತ್ರ ಫೋಟೋ ತರಿಸುವ ವ್ಯವಸ್ಥೆ ಅದು. ವರ್ಡ್‌ಪ್ರೆಸ್‌ನಲ್ಲಿ 2020ರಿಂದ ತಾನಾಗಿಯೇ ಇದೆ. ಒಂದು ತಪ್ಪು ಮಾತ್ರ ಬಹಳ ಕಡೆ ನೋಡುತ್ತೇನೆ: ‘ವೇಗದ ಪ್ಲಗಿನ್’ ಹಾಕಿ ಎಲ್ಲ ಫೋಟೋಗೂ, ಮೇಲಿನ ಮೊದಲ ಫೋಟೋಗೂ ಸೇರಿಸಿ, ಲೇಜಿ ಮಾಡಿಬಿಡುತ್ತಾರೆ. ಆಗ ಎಲ್ಲಕ್ಕಿಂತ ಮೊದಲು ಬರಬೇಕಾದ್ದೇ ತಡವಾಗಿ ಬರುತ್ತದೆ. ನಿಮ್ಮಲ್ಲೂ ಹಾಗೇ ಆಗಿದೆ. ಆ ಒಂದು ಫೋಟೋವನ್ನು ಪ್ಲಗಿನ್ ಸೆಟ್ಟಿಂಗ್‌ನಲ್ಲಿ ಹೊರಗಿಡಿ.

ಡ್ರೋನ್ ವಿಡಿಯೋ ಚೆಂದ ಇದೆ, ಒಪ್ಪಿದೆ. ಮೋಡದ ಮೇಲಿಂದ ಕಣಿವೆ ಕಾಣುವ ಆ ನೋಟ ನನಗೂ ಇಷ್ಟ ಆಯಿತು. ಅದನ್ನು ಯೂಟ್ಯೂಬ್‌ನಲ್ಲಿ ಹಾಕಿ. ಪುಟದಲ್ಲಿ ಅದರ ಒಂದು ಚಿತ್ರ ಇಟ್ಟು, ಒತ್ತಿದರೆ ಮಾತ್ರ ವಿಡಿಯೋ ಬರುವ ಹಾಗೆ ಮಾಡಿ. ಯೂಟ್ಯೂಬ್ ವಿಡಿಯೋವನ್ನು ನೇರವಾಗಿ ಪುಟದೊಳಗೆ ಕೂರಿಸಿದರೆ ಪ್ಲೇ ಒತ್ತುವ ಮೊದಲೇ ನೂರಾರು ಕೆಬಿ ಸ್ಕ್ರಿಪ್ಟ್, ಅಂದರೆ ಕೋಡ್, ಇಳಿಯುತ್ತದೆ.

ಕನ್ನಡ ಅಕ್ಷರದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇದರ ಬಗ್ಗೆ ಹೇಳುವವರು ಕಡಿಮೆ. ನಿಮ್ಮ ಪುಟದ ಕನ್ನಡ ತಲೆಬರಹಗಳೆಲ್ಲ ಚಿತ್ರಗಳು. ಹುಡುಕಾಟದಲ್ಲೂ ಅವು ಸಿಗಲ್ಲ, ಕಣ್ಣು ಕಾಣದವರ ಫೋನು ಅವನ್ನು ಓದಿ ಹೇಳಲೂ ಆಗಲ್ಲ. ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಯುನಿಕೋಡ್ ಬರಹದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು, ಇಂಗ್ಲಿಷಿಗೆ ಒಂದು ಸಾಕು, ಹಾಗಾಗಿ ಕನ್ನಡ ಭಾರ ಅಂತ ಕೆಲವರು ಹೆದರಿಸುತ್ತಾರೆ. ಹೆದರಬೇಡಿ. ಸರ್ವರ್ ಬರಹವನ್ನು ಜಿಜಿಪ್ ಅಥವಾ ಬ್ರಾಟ್ಲಿಯಲ್ಲಿ ಕುಗ್ಗಿಸಿ ಕಳಿಸಿದರೆ ಆ ವ್ಯತ್ಯಾಸ ಬಹಳ ಮಟ್ಟಿಗೆ ಕರಗುತ್ತದೆ. ನಿಮ್ಮ ಇಡೀ ಪುಟದ ಬರಹ ಒಂದು ಸಣ್ಣ ಫೋಟೋದಷ್ಟೂ ಆಗಲ್ಲ.

ಭಾರ ಇರೋದು ಫಾಂಟಿನಲ್ಲಿ. ಕನ್ನಡ ಫಾಂಟಿನಲ್ಲಿ ಅಕ್ಷರಗಳ ಜೊತೆ ಒತ್ತಕ್ಷರ, ಗುಣಿತದ ರೂಪಗಳೆಲ್ಲ ಇರಬೇಕಲ್ಲ. ನಿಮ್ಮ ಪುಟ ಅಂಥ ಫಾಂಟನ್ನು ನಾಲ್ಕು ದಪ್ಪಗಳಲ್ಲಿ ಇಳಿಸುತ್ತಿದೆ. ಬಳಸಿರೋದು ಎರಡೇ. ಫಾಂಟ್ ಇಳಿಯುವವರೆಗೆ ಬರಹವನ್ನೇ ತೋರಿಸುತ್ತಿಲ್ಲ. ನನ್ನ ಸಲಹೆ ಕೇಳಿದರೆ ಕನ್ನಡಕ್ಕೆ ಫಾಂಟ್ ಇಳಿಸುವುದೇ ಬೇಡ. ಆಂಡ್ರಾಯ್ಡ್ ಫೋನುಗಳಲ್ಲಿ ನೋಟೋ ಕನ್ನಡ ಫಾಂಟ್ ಮೊದಲೇ ಇರುತ್ತದೆ. ವಿಂಡೋಸ್‌ನಲ್ಲಿ ನಿರ್ಮಲಾ ಇದೆ. ಐಫೋನಿನಲ್ಲೂ ಕನ್ನಡ ಫಾಂಟ್ ಇದೆ. ಅದರಲ್ಲೇ ಬರಲಿ. ಬೇರೆ ಫಾಂಟೇ ಬೇಕು ಅನ್ನುವುದಾದರೆ ವೆಬ್‌ಗೆಂದು ಕುಗ್ಗಿಸಿದ ಡಬ್ಲ್ಯುಒಎಫ್‌ಎಫ್2 ರೂಪದಲ್ಲಿ ಒಂದೇ ದಪ್ಪ ಇಡಿ. ಅದು ಬರುವವರೆಗೆ ಫೋನಿನ ಫಾಂಟಿನಲ್ಲೇ ಬರಹ ಕಾಣುವ ಹಾಗೆ ಫಾಂಟ್ ಡಿಸ್‌ಪ್ಲೇ ಅನ್ನುವ ಸೆಟ್ಟಿಂಗನ್ನು ಸ್ವ್ಯಾಪ್‌ಗೆ ಇಡಿ. ಇನ್ನೊಂದು ಎಚ್ಚರ: ಫಾಂಟ್ ಹಗುರ ಮಾಡಲು ಬೇಡದ ಅಕ್ಷರ ಕತ್ತರಿಸುವಾಗ ಒತ್ತಕ್ಷರ ಜೋಡಿಸುವ ನಿಯಮಗಳೂ ಕತ್ತರಿಸಿ ಹೋಗುವುದುಂಟು. ಆಮೇಲೆ ‘ಕಕ್ಕಬೆ’ಯ ಕಕಾರದ ಒತ್ತು ಪಕ್ಕಕ್ಕೆ ಬಿದ್ದಿರುತ್ತದೆ. ಕತ್ತರಿಸಿದ ಮೇಲೆ ಒಮ್ಮೆ ಊರುಗಳ ಹೆಸರೆಲ್ಲ ಓದಿ ನೋಡಿ.

ಪ್ಲಗಿನ್‌ಗಳು ನಿಮ್ಮಲ್ಲಿ 31 ಇವೆ. ಚಾಟ್ ಪೆಟ್ಟಿಗೆ, ಇನ್‌ಸ್ಟಾಗ್ರಾಂ ಫೋಟೋ ತರುವುದು, ತಾನಾಗಿ ಎದ್ದು ಬರುವ ಆಫರ್ ಕಿಟಕಿ, ಎರಡೆರಡು ಗ್ಯಾಲರಿ. ಫೋಟೋ ಇಳಿದರೆ ಅಲ್ಲಿಗೆ ಮುಗಿಯಿತು. ಇವು ತರುವ ಜಾವಾಸ್ಕ್ರಿಪ್ಟ್ ಕೋಡ್ ಹಾಗಲ್ಲ. ಇಳಿದ ಮೇಲೆ ಫೋನು ಅದನ್ನು ಓದಬೇಕು, ಓಡಿಸಬೇಕು. ದುಬಾರಿ ಫೋನಿಗೆ ಇದು ಗೊತ್ತೇ ಆಗಲ್ಲ. ಹತ್ತು ಸಾವಿರದ ಫೋನು ಆ ಹೊತ್ತಿನಲ್ಲಿ ಬೆರಳಿಟ್ಟರೂ ಮಾತಾಡಲ್ಲ. ಬಳಸದ ಪ್ಲಗಿನ್‌ಗಳನ್ನು ಸುಮ್ನೆ ನಿಲ್ಲಿಸಿಟ್ಟರೆ ಸಾಲದು, ಅಳಿಸಿ. ಕಾಫಿ ಪುಡಿ ಮಾರುವ ಅಂಗಡಿಯ ಮತ್ತು ಹಣ ಕಟ್ಟಿಸಿಕೊಳ್ಳುವ ಸ್ಕ್ರಿಪ್ಟ್‌ಗಳು ಆ ಪುಟಗಳಲ್ಲಿ ಮಾತ್ರ ಇರಲಿ. ರೂಮು ನೋಡಲು ಬಂದವರಿಗೆ ಅವು ಯಾಕೆ? ಕೆಲಸಕ್ಕೆ ಮೊದಲು ಇಡೀ ಸೈಟಿನ ಬ್ಯಾಕಪ್ ತೆಗೆಯಿರಿ. ಒಂದೊಂದೇ ಪ್ಲಗಿನ್ ತೆಗೆದು, ಪುಟ ಸರಿ ಇದೆಯಾ ನೋಡಿ, ಆಮೇಲೆ ಮುಂದಿನದು.

ಪುಟ ಜಿಗಿಯುವುದಕ್ಕೆ ಕಾರಣ ಸರಳ. ಫೋಟೋಗಳಿಗೆ ಅಗಲ, ಎತ್ತರ ಬರೆದಿಲ್ಲ. ಬರೆದರೆ ಬ್ರೌಸರ್ ಮೊದಲೇ ಜಾಗ ಬಿಟ್ಟಿರುತ್ತದೆ. ಇಲ್ಲದಿದ್ದರೆ ‘ಕರೆ ಮಾಡಿ’ ಒತ್ತಲು ಹೋದವರ ಬೆರಳಿನ ಕೆಳಗೆ ಫೋಟೋ ಬಂದು ಕೂರುತ್ತದೆ.

ವಾಟ್ಸ್ಆಪ್‌ನಲ್ಲಿ ನೀವು ಕಳಿಸುವ ಲಿಂಕ್ ಕೂಡ ನೋಡಿದೆ. ಅದು ಮೊದಲು ಒಂದು ಚಿಕ್ಕ ಲಿಂಕಿಗೆ, ಅಲ್ಲಿಂದ ಹಳೆಯ ಎಚ್‌ಟಿಟಿಪಿ ವಿಳಾಸಕ್ಕೆ, ಅಲ್ಲಿಂದ ಎಚ್‌ಟಿಟಿಪಿಎಸ್‌ಗೆ ಹೋಗುತ್ತದೆ. ಪ್ರತಿ ತಿರುವಿಗೂ ಫೋನು ಮತ್ತೊಮ್ಮೆ ಕೇಳಿ ಉತ್ತರಕ್ಕೆ ಕಾಯಬೇಕು. ಬ್ರೌಸರಿನಲ್ಲಿ ಕೊನೆಗೆ ಕಾಣುವ ವಿಳಾಸವನ್ನೇ ನಕಲು ಮಾಡಿ ಕಳಿಸಿ.

ಕೊನೆಗೆ ಸರ್ವರ್. ನಿಮ್ಮದು ಅಮೆರಿಕದಲ್ಲಿದೆ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. 14 ಸಾವಿರ ಕಿ.ಮೀ. ದೂರಕ್ಕೆ ಹೋಗಿ ಬರಲು ನೇರ ದಾರಿಯಲ್ಲೇ 140 ಮಿಲಿಸೆಕೆಂಡ್ ಬೇಕು. ಸಮುದ್ರದಡಿಯ ಕೇಬಲ್ಲುಗಳು ನೇರವಾಗಿಲ್ಲ, ಹಾಗಾಗಿ 200 ದಾಟುತ್ತದೆ. ಪುಟದ ಮೊದಲ ಅಕ್ಷರ ಬರುವ ಮೊದಲು ಇಂಥ ಓಡಾಟ ಮೂರು ನಾಲ್ಕು ಸಲ ಆಗಬೇಕು. ಅದರ ಮೇಲೆ ವರ್ಡ್‌ಪ್ರೆಸ್ ಪ್ರತಿ ಸಲ ಪುಟವನ್ನು ಹೊಸದಾಗಿ ಕಟ್ಟುತ್ತದೆ. ಮೊದಲ ಬೈಟ್ ಬರಲು 0.8 ಸೆಕೆಂಡ್ ಒಳಗಿದ್ದರೆ ಒಳ್ಳೆಯದು. ನಿಮ್ಮದು 2.1.

ಇದಕ್ಕೂ 14 ಸಾವಿರಕ್ಕೆ ಮೊದಲು ಎರಡು ಉಪಾಯ ಇವೆ. ಕ್ಯಾಶ್ ಪ್ಲಗಿನ್ ಒಂದನ್ನು ಹಾಕಿ. ಒಮ್ಮೆ ಕಟ್ಟಿದ ಪುಟವನ್ನು ಅದು ಹಾಗೇ ಇಟ್ಟು ಮುಂದಿನವರಿಗೂ ಕೊಡುತ್ತದೆ. ನಿಮ್ಮ ದರ ವರ್ಷಕ್ಕೆ ಎರಡು ಸಲ ಬದಲಾಗುವುದು, ಪುಟವನ್ನು ದಿನಕ್ಕೆ ನೂರು ಸಲ ಕಟ್ಟುವ ಅಗತ್ಯ ಇಲ್ಲ. ಎರಡನೆಯದು ಸಿಡಿಎನ್. ಕ್ಲೌಡ್‌ಫ್ಲೇರ್‌ನಂಥವರು ನಿಮ್ಮ ಫೋಟೋ, ಫಾಂಟುಗಳ ಪ್ರತಿಯನ್ನು ನಮ್ಮ ದೇಶದ ನಗರಗಳಲ್ಲೇ ಇಟ್ಟು ಅಲ್ಲಿಂದ ಕೊಡುತ್ತಾರೆ. ಸಣ್ಣ ಸೈಟಿಗೆ ಅವರ ಉಚಿತ ಯೋಜನೆ ಸಾಕು.

ಇಷ್ಟೆಲ್ಲ ಮಾಡಿದರೆ ನಿಮ್ಮ ಮುಖಪುಟ 1.2 ಎಂಬಿ ಒಳಗೆ ಬರುತ್ತದೆ. ಅದೇ ಲೆಕ್ಕದಲ್ಲಿ 6 ಸೆಕೆಂಡ್. ಅದರಲ್ಲೂ ಫೋನ್ ನಂಬರ್, ದಾರಿ ಮೊದಲೇ ಬಂದಿರುತ್ತವೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನ ಮೇಲ್ಭಾಗದಲ್ಲಿ ನಿಜವಾದ ಬಳಕೆದಾರರ ಅನುಭವ ಅಂತ ಒಂದು ಭಾಗ ಇದೆ. ಅದು ಹಿಂದಿನ 28 ದಿನದ ಲೆಕ್ಕ, ಹಾಗಾಗಿ ಅಲ್ಲಿ ಕೂಡಲೇ ಬದಲಾವಣೆ ಕಾಣಲ್ಲ. ನಿಮ್ಮಷ್ಟು ಸಣ್ಣ ಸೈಟಿಗೆ ಆ ಭಾಗ ಖಾಲಿಯೇ ಇರಬಹುದು. ಅದಕ್ಕಿಂತ ಒಂದು ದಿನ ನೀವೇ ನಾಪೋಕ್ಲು ಕಡೆಗೆ ಹೋದಾಗ, ವಾಪಸ್ ಬರುವ ದಾರಿಯಲ್ಲಿ ಸಿಗ್ನಲ್ ಒಂದು ಕಡ್ಡಿಗೆ ಇಳಿಯುವ ತಿರುವಿನಲ್ಲಿ ನಿಂತು, ಬೇರೆಯವರ ಫೋನಿನಲ್ಲಿ ತೆರೆಯಿರಿ. ನಿಮ್ಮ ನಂಬರ್ ಕಾಣುವವರೆಗೆ ಎಣಿಸಿ. ಅಷ್ಟಾದ ಮೇಲೂ ಮೊದಲ ಬೈಟ್ 0.8 ಸೆಕೆಂಡ್‌ಗಿಂತ ಬಹಳ ಜಾಸ್ತಿಯೇ ಇದ್ದರೆ, ಆಗ ಆ 14 ಸಾವಿರದ ಮಾತಾಡೋಣ. ಕೊಡುವ ಮೊದಲು ಅವರ ಸರ್ವರ್ ಯಾವ ಊರಿನಲ್ಲಿದೆ ಅಂತ ಕೇಳಿ.